ಮಗನ ಕೈಯ ನೀರು

ಅಕ್ಕಯ್ಯಮ್ಮನ ತಲೆಯ ಮೇಲಿಂದ ಸೆರಗು ಜಾರಿದ್ದನ್ನು ಮೇಲೂರಿನಲ್ಲಿ ಕಂಡವರು ಕಡಿಮೆ. ಗಂಡ ತೀರಿಕೊಂಡಾಗ ಅವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಒಬ್ಬನೇ ಮಗ ರಮೇಶ್‌ಬಾಬು ಸ್ಕೂಲಿಗೂ ಸೇರದ ಕೂಸು. ಮೈದುನರು, ಆಳುಕಾಳು, ರೇಷ್ಮೆಗೂಡಿನ ವ್ಯಾಪಾರದವರು ಎಲ್ಲರ ನಡುವೆ ನಿಂತು ಹಿಪ್ಪುನೇರಳೆ ತೋಟ ಮಾಡಿಸಿದ ಹೆಂಗಸು. ಗಂಡಸರ ಜೊತೆ ಗಂಡಸಿನ ಹಾಗೇ ಮಾತಾಡುತ್ತಿದ್ದಳು, ಆದರೆ ತನ್ನ ಮೈಯ ವಿಷಯದಲ್ಲಿ ಬಲು ಬಿಗಿ. ಊರು ಏಳುವ ಮುಂಚೆ ಸ್ನಾನ ಮುಗಿಯಬೇಕು. ಒಗೆದ ಒಳಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಹರವಿಯೇ ಒಣಗಿಸಬೇಕು. ಜ್ವರದಲ್ಲಿ ಮಲಗಿದ್ದರೂ ಮಗನ ಹೆಜ್ಜೆ ಸದ್ದಾದರೆ ಎದ್ದು ಕೂತು ಸೆರಗು ಸರಿಮಾಡಿಕೊಳ್ಳುವಳು. ಒಂಟಿ ಹೆಂಗಸು ಊರ ಬಾಯಿಗೆ ಸಿಗಬಾರದು ಅಂತ ಕಟ್ಟಿಕೊಂಡ ಬಿಗಿ ಅದು. ವರ್ಷಾನುಗಟ್ಟಲೆ ಕಟ್ಟಿಕೊಂಡಿದ್ದು ಮೈಗೇ ಅಂಟಿಕೊಂಡುಬಿಟ್ಟಿತ್ತು.

ಅಂಥವಳು ಹೋದ ಕಾರ್ತೀಕದಲ್ಲಿ ಹುಳಮನೆಯ ಮುಂದೆ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತೊಳೆಯುತ್ತಾ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದಳು. ಸೊಂಟ ಮುರಿಯಿತು. ಚಿಕ್ಕಬಳ್ಳಾಪುರದ ಡಾಕ್ಟರು ಎಕ್ಸ್‌ರೇ ನೋಡಿದರು, ಎದೆ ಪರೀಕ್ಷೆ ಮಾಡಿದರು. ಹೃದಯ ತೀರಾ ವೀಕು, ಆಪರೇಷನ್ ಟೇಬಲ್ಲಿಂದ ವಾಪಸ್ ಬರೋದು ಅನುಮಾನ ಅಂದರು. "ಮನೇಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ. ಮಗ್ಗುಲು ಬದಲಾಯಿಸ್ತಾ ಇರಿ, ಬೆನ್ನು ಹುಣ್ಣಾಗಬಾರದು. ನೀರು ಜಾಸ್ತಿ ಕುಡಿಸಿ," ಅಂತ ಹೇಳಿ ಕಳಿಸಿದರು.

ರಮೇಶ್‌ಬಾಬುವಿನ ಹೆಂಡತಿ ಯಾಮಿನಿ ಡೆಂಗಿಯಲ್ಲಿ ಹೋಗಿ ಕೆಲವು ವರ್ಷಗಳಾಗಿದ್ದವು. ಇದ್ದೊಬ್ಬ ಮಗಳು ಸೌಜನ್ಯಳನ್ನು ಗೌರಿಬಿದನೂರಿಗೆ ಕೊಟ್ಟಿತ್ತು. ಅವಳ ಗಂಡ ನರೇಂದ್ರ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಶಿಫ್ಟಿನ ಕೆಲಸಗಾರ. ಅಜ್ಜಿ ಬಿದ್ದ ಸುದ್ದಿ ಕೇಳಿದ್ದೇ ಸೌಜನ್ಯ ಕೈಕೂಸನ್ನು ಕಟ್ಟಿಕೊಂಡು ಬಂದಳು. ಒಂದು ಕೈಯಲ್ಲಿ ಮಗುವಿನ ಬಟ್ಟೆ, ಇನ್ನೊಂದು ಕೈಯಲ್ಲಿ ಅಜ್ಜಿಯ ಬಟ್ಟೆ. ಅವಳು ಇದ್ದಷ್ಟು ದಿನ ರಮೇಶ್‌ಬಾಬುಗೆ ಕಷ್ಟ ಅಷ್ಟಾಗಿ ಗೊತ್ತಾಗಲಿಲ್ಲ. ಗಾಳಿ ಹಾಸಿಗೆ ಬಂತು, ಬೆಡ್‌ಪ್ಯಾನ್ ಬಂತು. ದೊಡ್ಡವರ ಡೈಪರ್ ತಂದು ಹಾಕಿ ನೋಡಿದರು. ಅಕ್ಕಯ್ಯಮ್ಮನ ತೊಡೆಯೆಲ್ಲ ಕೆಂಪಗೆ ಬೊಬ್ಬೆ ಎದ್ದವು, ಬಿಟ್ಟರು. ಅತ್ತೆಮನೆಯಿಂದ ಫೋನ್ ಮೇಲೆ ಫೋನ್ ಬರಲು ಶುರುವಾದಾಗ ಸೌಜನ್ಯ ಅತ್ತುಕೊಂಡು ಬಸ್ಸು ಹತ್ತಿದಳು.

ಹೋಗುವ ಮುಂಚೆ ಆಂಜಿನಮ್ಮ ಅನ್ನುವ ಹೆಂಗಸನ್ನು ಗೊತ್ತು ಮಾಡಿದ್ದಳು. ಹೆರಿಗೆ ಬಾಣಂತನ ಮಾಡಿ ಪಳಗಿದ ಕೈ. ಬೆಳಗ್ಗೆ ಬಂದು ಮೈ ಒರೆಸಿ, ಬಟ್ಟೆ ಬದಲಾಯಿಸಿ, ತಲೆ ಬಾಚಿ ಹೋಗುವಳು, ಸಂಜೆ ಇನ್ನೊಂದು ಸಲ ಬರುವಳು. ಅಕ್ಕಯ್ಯಮ್ಮ ತನ್ನ ದೇಹದ ವ್ಯವಹಾರವನ್ನೆಲ್ಲ ಅವಳು ಬರುವ ಹೊತ್ತಿಗೇ ಹೊಂದಿಸಿಕೊಂಡಳು. ನಡುವೆ ರಮೇಶ್‌ಬಾಬು ಊಟ ಕೊಡುವುದು, ಮಗ್ಗುಲಿಗೆ ದಿಂಬು ಇಡುವುದು, ಅಷ್ಟೆ. ಸಂಜೆ ಅವನು ಮಂಚದ ಪಕ್ಕ ಕೂತು ಸೊಪ್ಪಿನ ಸುದ್ದಿ ಹೇಳುವನು. ಅವಳು ಮಲಗಿದಲ್ಲಿಂದಲೇ ಕೆಳಗಿನ ಮಡಿಗೆ ನೀರು ಬಿಡು, ಈ ಸಲ ಮರಿಹುಳದ ಚಾಕಿ ಕಟ್ಟುವಾಗ ಸೆಕೆ ನೋಡ್ಕೋ ಅಂತ ಯಜಮಾನಿಕೆ ನಡೆಸುವಳು.

ಸಂಕ್ರಾಂತಿ ಕಳೆದ ಮೇಲೆ ಆಂಜಿನಮ್ಮನ ಮಗಳು ಚಿಂತಾಮಣಿಯಲ್ಲಿ ಅವಳಿಜವಳಿ ಹೆತ್ತಳು. "ರಮೇಶಣ್ಣ, ನನ್ ಮಗಳಿಗೆ ನಾನ್ ಬಿಟ್ರೆ ಯಾರಿದಾರೆ ಹೇಳು," ಅಂತ ಹೇಳಿ ಆಂಜಿನಮ್ಮ ಗಂಟು ಕಟ್ಟಿದಳು.

ಮಾರನೆಯ ಬೆಳಗ್ಗೆ ರಮೇಶ್‌ಬಾಬು ಊರೆಲ್ಲ ಸುತ್ತಿದ. ದುಡಿಯುವ ವಯಸ್ಸಿನ ಹೆಂಗಸರು ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗಿಯಾಗಿತ್ತು. ಚಿಕ್ಕಪ್ಪನ ಸೊಸೆಯನ್ನು ಕೇಳಿದ. "ನಮ್ಮನೇಲೂ ಹುಳ ಐತಲ್ಲ ಭಾವ, ಆ ಕೈಯಲ್ಲಿ ಹುಳಮನೇಗೆ ಹೆಂಗೆ ಹೋಗ್ಲಿ?" ಅಂದಳು. ಅದು ಸುಳ್ಳೇನಲ್ಲ. ರೇಷ್ಮೆ ಹುಳಕ್ಕೆ ವಾಸನೆ ಆಗದು, ಮೈಲಿಗೆ ಆಗದು. ಆದರೆ ಅವನ ಮನೆಯಲ್ಲೂ ಹುಳ ಇತ್ತಲ್ಲ!

ವಾಪಸು ಬಂದಾಗ ಕೋಣೆಯಲ್ಲಿ ವಾಸನೆ ಹರಡಿತ್ತು. ಅಕ್ಕಯ್ಯಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಯಾರಾದ್ರೂ ಸಿಕ್ಕಿದ್ರೇನಪ್ಪ?"

"ಇಲ್ಲಮ್ಮ."

"ನಿನ್ ಚಿಕ್ಕಪ್ಪನ ಸೊಸೆ?"

"ಕೇಳ್ದೆ. ಆಗಲ್ಲ ಅಂದ್ಲು."

ಆಮೇಲೆ ಅವನು ಬಕೆಟ್ಟಿನಲ್ಲಿ ಬಿಸಿನೀರು ತಂದ. ಹೊದಿಕೆಗೆ ಕೈ ಹಾಕಿದ್ದೇ ಅವಳು ಅದನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಸಂಕಟ ಬಂದಾಗ ಅವಳ ಬಾಯಿಗೆ ಬರುವುದು ತವರಿನ ತೆಲುಗು. "ವದ್ದು ನಾಯ್ನಾ, ವದ್ದು. ಬೇಡ ಕಣಪ್ಪಾ. ಸಂಜೆ ತಂಕ ಹಿಂಗೇ ಇರ್ತೀನಿ. ಯಾರಾದ್ರೂ ಹೆಂಗಸ್ರು ಸಿಗ್ತಾರೆ."

"ಸಂಜೆ ತಂಕ ಹಿಂಗೇ ಇದ್ರೆ ಬೆನ್ನು ಕೊಳೆತೋಗುತ್ತಮ್ಮಾ. ಡಾಕ್ಟ್ರು ಹೇಳಿಲ್ವಾ?"

ಅವನು ಆ ಮುಷ್ಟಿಗಳನ್ನು ಒಂದೊಂದೇ ಬೆರಳಾಗಿ ಬಿಡಿಸಬೇಕಾಯಿತು. ಅದೊಂದು ಕೆಲಸ ಅವನಿಗೆ ಆಮೇಲೆಯೂ ಬಹಳ ಕಾಲ ಮರೆಯಲಾಗಲಿಲ್ಲ. ಹೇಸಿಗೆಯಾಗುತ್ತದೇನೋ ಅಂತ ಹೆದರಿದ್ದ, ಹೇಸಿಗೆಯಾಗಲಿಲ್ಲ. ದನದ ಕೊಟ್ಟಿಗೆ ಬಾಚಿದ ಕೈ, ಹೆಂಡತಿಯ ಕೊನೇ ದಿನಗಳನ್ನು ಕಂಡ ಕೈ. ತೊಳೆದ, ಒರೆಸಿದ, ಪೌಡರು ಹಾಕಿದ. ಅಷ್ಟೂ ಹೊತ್ತು ಅಮ್ಮ ಉಸಿರು ಬಿಗಿ ಹಿಡಿದು, ಮುಖದ ಮೇಲೆ ಸೆರಗು ಎಳೆದುಕೊಂಡು, ಕಟ್ಟಿಗೆಯ ಹಾಗೆ ಬಿದ್ದಿದ್ದಳು. ಮುಗಿದ ಮೇಲೆ "ಆಯ್ತಮ್ಮ" ಅಂದ. ಸೆರಗಿನ ಕೆಳಗೆ ಗಲ್ಲ ನಡುಗುತ್ತಿತ್ತು.

ಅವತ್ತಿನಿಂದ ಅವನ ದಿನಚರಿ ಬದಲಾಯಿತು. ಅಮ್ಮನ ಕೆಲಸ ಮುಗಿಸಿ, ತಲೆಗೆ ನೀರು ಹುಯ್ದುಕೊಂಡು, ಬೇರೆ ಬಟ್ಟೆ ಉಟ್ಟು ಹುಳಮನೆಗೆ ಹೋಗಬೇಕು. ಸೊಪ್ಪು ಹಾಕಿ ಬರುವಷ್ಟರಲ್ಲಿ ಮತ್ತೆ ಅಮ್ಮನ ಕೆಲಸ, ಮತ್ತೆ ಸ್ನಾನ. ಕೈಯ ಚರ್ಮ ಸೋಪು ಡೆಟಾಲಿಗೆ ಬಿರಿದು ಸೊಪ್ಪಿನ ಹಾಲು ತಾಗಿದರೆ ಉರಿಯುತ್ತಿತ್ತು. ಅದನ್ನೆಲ್ಲ ತಡೆದುಕೊಂಡಾನು. ಅಮ್ಮ ಮಾತು ಬಿಟ್ಟಿದ್ದನ್ನು ಮಾತ್ರ ತಡೆಯಲಾರದೆ ಹೋದ. ಸಂಜೆ ಮಂಚದ ಪಕ್ಕ ಕೂತರೆ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳ ಹಾಗೆ ಮಾಡುವಳು. ತೋಟದ ಸುದ್ದಿ ಕೇಳುವುದಿಲ್ಲ. ಕಣ್ಣಿಗೆ ಕಣ್ಣು ಕೊಡುವುದಿಲ್ಲ. ತಪ್ಪು ಮಾಡಿದವಳು ಅವಳೋ ತಾನೋ ಅವನಿಗೆ ತಿಳಿಯುತ್ತಿರಲಿಲ್ಲ.

ಊರವರೂ ಸುಮ್ಮನಿರಲಿಲ್ಲ. ದೊಡ್ಡಪ್ಪನ ಮಗ ಆವುಲಪ್ಪ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ, "ಹೆತ್ತ ತಾಯಿ ಸೇವೆ ಮಾಡೋಕೆ ಪುಣ್ಯ ಮಾಡಿರ್ಬೇಕು ಕಣೋ. ನಮ್ಮಮ್ಮಂಗೆ ನಾನು ಮಾಡ್ಲಿಲ್ವಾ?" ಅಂದ. ಅವನ ತಾಯಿಗೆ ಮಾಡಿದವಳು ಅವನ ಹೆಂಡತಿ ಅನ್ನೋದು ಊರಿಗೆಲ್ಲ ಗೊತ್ತಿತ್ತು. ಹಾಲಿನ ಡೈರಿ ಹತ್ತಿರ ಇನ್ನೊಂದು ಥರದ ಮಾತು: ಗಂಡಸು ಹೋಗಿ ತಾಯಿ ಮೈ ತೊಳೀತಾನಂತೆ, ಕಾಲ ಕೆಟ್ಟೋಯ್ತು. ಎರಡೂ ಮಾತು ಅಕ್ಕಯ್ಯಮ್ಮನ ಕಿವಿಗೂ ಬಿದ್ದಿರಬೇಕು. ಮಲಗಿದವರ ಕಿವಿ ಚುರುಕು.

ಅವಳ ಊಟ ಕಡಿಮೆಯಾಗುತ್ತಾ ಬಂತು. ಮುದ್ದೆ ಬೇಡ ಅಂದಳು, ಗಂಜಿ ಮಾಡಿದ. ಗಂಜಿ ಸೇರಲ್ಲ ಅಂದಳು, ಮೆತ್ತಗೆ ಅನ್ನ ಕಲಸಿ ಬಸ್ಸಾರು ಹಾಕಿದ. ಎರಡು ತುತ್ತಿಗೆ ಸಾಕು. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ತಲೆದಿಂಬಿನ ಹತ್ತಿರ ಇಟ್ಟ ಚೊಂಬು ಸಂಜೆ ಖಾಲಿಯಾಗಿರುತ್ತಿತ್ತು, ಆದ್ದರಿಂದ ನೀರಾದರೂ ಕುಡಿಯುತ್ತಾಳಲ್ಲ ಅಂತ ಅವನು ಸಮಾಧಾನಪಟ್ಟುಕೊಂಡಿದ್ದ.

ಒಂದು ಮಧ್ಯಾಹ್ನ ಸೊಪ್ಪು ತುಂಬಲು ಗೋಣಿಚೀಲ ಸಾಲದೆ ಮನೆಗೆ ಬಂದ. ಹಿತ್ತಲ ಬಾಗಿಲಿಂದ ಒಳಗೆ ಬಂದವನಿಗೆ ಅಮ್ಮನ ಕೈ ಕಂಡಿತು. ಮಂಚದ ಅಂಚಿನಿಂದ ಇಳಿಬಿದ್ದ ಕೈ ಚೊಂಬನ್ನು ಹಿಡಿದು, ಕೆಳಗೆ ಮಡಿಸಿಟ್ಟಿದ್ದ ಹಳೇ ಸೀರೆಯ ಮೇಲೆ ನೀರನ್ನು ಸದ್ದಾಗದ ಹಾಗೆ ಸುರಿಯುತ್ತಿತ್ತು. ಅವಳಲ್ಲಿ ಉಳಿದಿದ್ದ ಶಕ್ತಿಯೆಲ್ಲ ಆ ಕೆಲಸಕ್ಕೇ ಖರ್ಚಾಗುತ್ತಿತ್ತು.

"ಅಮ್ಮಾ! ಏನ್ ಮಾಡ್ತಿದೀಯಾ?"

ಚೊಂಬು ಉರುಳಿತು. ಅವಳು ತಿರುಗಿ ನೋಡಿದಳು. ಎಷ್ಟೋ ದಿನದ ಮೇಲೆ ಅವನ ಮುಖವನ್ನು ನೇರ ನೋಡಿದ್ದು ಅವತ್ತೇ.

"ಕುಡಿದ್ರೆ ಹೋಗ್ಬೇಕಲ್ಲಪ್ಪಾ," ಅಂದಳು.

ರಮೇಶ್‌ಬಾಬುಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಉರಿದುಹೋಯಿತು. "ಹಂಗಾದ್ರೆ ಊಟನೂ ಅದಕ್ಕೇ ಬಿಟ್ಟಿದೀಯಾ? ನಾನು ಮುಟ್ತೀನಿ ಅಂತ ಉಪವಾಸ ಬಿದ್ದು ಸಾಯ್ತೀಯಾ? ನಾನೇನು ಬೀದಿಲಿ ಹೋಗೋನಾ? ನಿನ್ ಹೊಟ್ಟೇಲಿ ಹುಟ್ಟಿದೋನಲ್ವಾ? ದಿನಾ ಸಾಯ್ತಿರೋನು ನಾನಮ್ಮಾ, ನಾನು!" ಚೊಂಬನ್ನು ಎತ್ತಿ ಗೋಡೆಗೆ ಬೀಸಿದ. ಅದು ಗಣಗಣ ಅಂತ ಮೂಲೆಗೆ ಹೋಗಿ ಬಿತ್ತು.

ಅಮ್ಮ ಬೆಚ್ಚಿ ತೋಳಿನಿಂದ ಮುಖ ಮುಚ್ಚಿಕೊಂಡಳು. ಹೊಡೆಯುತ್ತಾನೆ ಅಂದುಕೊಂಡಳೇನೋ. ಅದನ್ನು ನೋಡಿದ್ದೇ ಅವನ ಸಿಟ್ಟು ಜರ್ರನೆ ಇಳಿದುಹೋಯಿತು. ಹುಳಮನೆಗೆ ಹೋಗಿ ಸೊಪ್ಪಿನ ಹೊರೆಯ ಮೇಲೆ ಕೂತುಕೊಂಡ. ಹುಳಗಳು ಎಲೆ ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಸೌಜನ್ಯಳಿಗೆ ಫೋನ್ ಮಾಡಿದ.

"ಇಲ್ಲಿಗೇ ಕರ್ಕೊಂಡು ಬಂದ್ಬಿಡಪ್ಪಾ," ಅಂದಳು ಅವಳು. ಹಿಂದೆ ಮಗು ಅಳುತ್ತಿತ್ತು. ಒಂದೇ ರೂಮಿನ ಬಾಡಿಗೆ ಮನೆ, ಅತ್ತೆ ಮಾವ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಗಂಡ. ಎಲ್ಲಿ ಮಲಗಿಸುವುದು ಅಂತ ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೊನೆಗೆ ಅವಳು, "ಅಪ್ಪಾ, ನೀನ್ ಅಜ್ಜೀನೇ ಕೇಳಿದೀಯಾ? ಹೆಂಗ್ ಮಾಡಿದ್ರೆ ಅಜ್ಜಿಗೆ ತಡ್ಕೊಳ್ಳೋಕಾಗುತ್ತೆ ಅಂತ?" ಅಂದಳು.

ಕೇಳಿರಲಿಲ್ಲ. ಕೇಳಬಹುದು ಅಂತಲೂ ಅವನಿಗೆ ಹೊಳೆದಿರಲಿಲ್ಲ.

ಮನೆಗೆ ಬಂದು ನೆಲ ಒರೆಸಿ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅಮ್ಮ, ತಪ್ಪಾಯ್ತು. ಕೂಗಾಡ್ಬಾರದಿತ್ತು. ಆದ್ರೆ ನನ್ ಬಿಟ್ರೆ ಯಾರೂ ಇಲ್ಲ, ಅದಂತೂ ನಿಜ. ಹೆಂಗೆ ಮಾಡ್ಲಿ, ನೀನೇ ಹೇಳು. ನೀನ್ ಹೇಳ್ದಂಗೆ ಮಾಡ್ತೀನಿ."

ಅವಳು ಸೂರಿನ ಕಡೆಗೆ ಕಣ್ಣು ತಿರುಗಿಸಿದಳು. ಆಮೇಲೆ ನಿಧಾನವಾಗಿ ಶುರುಮಾಡಿದಳು. "ಹೊದಿಕೆ ತೆಗೀಬೇಡ. ಅದರ ಒಳಗಿಂದಲೇ ಮಾಡು. ಬಾಗ್ಲು ಹಾಕು, ಚಿಲಕ ಹಾಕು."

"ಆಯ್ತಮ್ಮ."

"ಇನ್ನೊಂದು. ಸುಮ್ನಿರ್ಬೇಡ. ನೀನ್ ಸುಮ್ನಿದ್ರೆ, ಈಗ ಇವ್ನು ಏನ್ ನೋಡ್ತಿದಾನೋ ಅಂತ ಅದೇ ನನ್ ತಲೇಲಿ ಓಡುತ್ತೆ. ಏನಾದ್ರೂ ಮಾತಾಡ್ತಾ ಇರು. ತೋಟದ್ದು, ಹುಳದ್ದು, ಏನಾದ್ರೂ."

ಹಾಗೇ ಮಾಡಿದ. ಮೊದಲ ಸಲ ಮಾತು ತಡವರಿಸಿತು. ಹೊದಿಕೆಯೊಳಗೆ ಕೈಯಾಡಿಸುತ್ತಾ, ಕಣ್ಣನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಇಟ್ಟು, "ಈ ಸಲ ಮೂರನೇ ಜ್ವರಕ್ಕೇ ಹುಳ ಒಳ್ಳೆ ದಪ್ಪ ಬಂದಿದಾವಮ್ಮ" ಅಂದ. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಸೆರಗಿನ ಕೆಳಗಿಂದ ಸ್ವಲ್ಪ ಹೊತ್ತಿಗೆ ಸಣ್ಣ ದನಿ ಬಂತು: "ಜ್ವರದಿಂದ ಎದ್ದಾಗ ಎಳೇ ಸೊಪ್ಪು ಹಾಕ್ಬೇಡ ಕಣೋ. ಹೊಟ್ಟೆ ಕೆಡ್ತವೆ."

ಅವನ ಕಣ್ಣು ತುಂಬಿ ಬಂತು, ಆದರೆ ಮಾತು ನಿಲ್ಲಿಸಲಿಲ್ಲ.

ಅದಾದ ಮೇಲೆ ಕೆಲವು ವಾರ ಪರವಾಗಿಲ್ಲ ಅನ್ನುವ ಹಾಗೆ ನಡೆಯಿತು. ಅಕ್ಕಯ್ಯಮ್ಮ ಲೋಟ ಲೋಟ ನೀರು ಕುಡಿದಳು ಅಂತಲ್ಲ, ಅರ್ಧರ್ಧ ಲೋಟವಾದರೂ ಒಳಗೆ ಹೋಯಿತು. ಮಾತಿಗೆ ಸರಕು ಬೇಕಲ್ಲ, ಅದಕ್ಕೆಂದೇ ರಮೇಶ್‌ಬಾಬು ಊರಿನ ಸುದ್ದಿಯನ್ನೆಲ್ಲ ಗಮನಿಸುವುದು ಕಲಿತ. ಆವುಲಪ್ಪ ಬೈಕಿನಿಂದ ಚರಂಡಿಗೆ ಬಿದ್ದ ಕಥೆ ಹೇಳಿದಾಗ ಸೆರಗಿನ ಕೆಳಗೆ ಅವಳು ನಕ್ಕಿದ್ದು ಅವನ ಕೈಗೆ ತಿಳಿಯಿತು, ಹೊಟ್ಟೆ ಅಲುಗಿತು. ಹಾಗಂತ ಎಲ್ಲ ದಿನವೂ ಒಂದೇ ರೀತಿ ಇರುತ್ತಿರಲಿಲ್ಲ. ಕೆಲವು ದಿನ ಅವನಿಗೆ ಸಾಕಾಗಿರುತ್ತಿತ್ತು, ಮಾತು ಒರಟಾಗಿ ಬರುತ್ತಿತ್ತು. ಕೆಲವು ದಿನ ಅವಳು ಮುಗಿದ ಮೇಲೆ ಸೆರಗು ತೆಗೆಯುತ್ತಲೇ ಇರಲಿಲ್ಲ. ಒಂದು ದಿನ, "ಯಾಮಿನಿ ಇದ್ದಿದ್ರೆ..." ಅಂದು ನಿಲ್ಲಿಸಿದಳು. ಅವನೂ ಅದನ್ನೇ ಎಷ್ಟು ಸಲ ಅಂದುಕೊಂಡಿದ್ದನೋ.

ಆದರೆ ಒಣಗಿಸಿದ ದೇಹ ಅದರ ಬೆಲೆ ಕೇಳದೆ ಬಿಡಲಿಲ್ಲ. ಬೇಸಿಗೆ ಶುರುವಿನಲ್ಲಿ ಚಳಿಜ್ವರ ಹಿಡಿಯಿತು, ಮಾತು ಅಸ್ತವ್ಯಸ್ತವಾಯಿತು. ಶಿಡ್ಲಘಟ್ಟದ ಆಸ್ಪತ್ರೆಗೆ ಸೇರಿಸಿದ. ಮೂತ್ರದಲ್ಲಿ ಸೋಂಕು, ಕಿಡ್ನಿಗೂ ಹರಡಿದೆ ಅಂದರು. "ಬಹಳ ದಿನದಿಂದ ನೀರು ಕಮ್ಮಿ ಕುಡಿದಿದಾರೆ ಅನ್ಸುತ್ತೆ," ಅಂದರು ಲೇಡಿ ಡಾಕ್ಟರು. ರಮೇಶ್‌ಬಾಬು ತಲೆ ತಗ್ಗಿಸಿದ.

ಅದು ಹೆಂಗಸರ ವಾರ್ಡು. ನರ್ಸುಗಳು ಪರದೆ ಎಳೆದು ಟ್ಯೂಬು ಹಾಕಿದರು, ಮೈ ಒರೆಸಿದರು, ಗೌನು ತೊಡಿಸಿದರು. ಆ ಹೊತ್ತಿನಲ್ಲಿ ಗಂಡಸರು ಹೊರಗಿರಬೇಕು. ವರಾಂಡದ ಬೆಂಚಿನ ಮೇಲೆ ಕೂತ ರಮೇಶ್‌ಬಾಬುಗೆ ಕೈಗೆ ಕೆಲಸವೇ ಇಲ್ಲ. ಬೇವಿನ ನೆರಳಿನ ಗಾಳಿ ಬೀಸುತ್ತಿತ್ತು. ಕೂತಲ್ಲೇ ಗೋಡೆಗೆ ಒರಗಿ ನಿದ್ದೆಹೋದ. ಎದ್ದಾಗ ಮೈ ಹಗುರಾಗಿತ್ತು. ಹಗುರಾಗಿದೆಯಲ್ಲ ಅಂತ ಗೊತ್ತಾದಾಗ ಮಾತ್ರ ನಾಚಿಕೆಯಾಯಿತು.

ಜ್ವರ ಇಳಿದು ಬುದ್ಧಿ ತಿಳಿಯಾದ ಮೇಲೆ ಅಕ್ಕಯ್ಯಮ್ಮ ಆ ವಾರ್ಡಿನಲ್ಲಿ ಬೇರೆಯೇ ಹೆಂಗಸಾದಳು. ಪಕ್ಕದ ಮಂಚದ ಬಾಣಂತಿಗೆ ಬುದ್ಧಿ ಹೇಳಿದಳು. ನರ್ಸಮ್ಮನ ಊರು ಮನೆತನ ವಿಚಾರಿಸಿದಳು. ಕೇಳಿ ಕೇಳಿ ನೀರು ಕುಡಿದಳು. ಡಾಕ್ಟರಮ್ಮ ರೌಂಡ್ಸಿಗೆ ಬಂದಾಗ, "ಇನ್ನೊಂದಷ್ಟು ದಿನ ಇಲ್ಲೇ ಇರ್ತೀನಮ್ಮ. ಮನೇಗೆ ಕಳಿಸ್ಬೇಡಿ," ಅಂತ ಕೈ ಹಿಡಿದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ರಮೇಶ್‌ಬಾಬು ಕೇಳಿಸಿಕೊಂಡ. ಗುರುತಿಲ್ಲದ ಹುಡುಗಿಯರ ಕೈಯಲ್ಲಿ ಅಮ್ಮ ನೆಮ್ಮದಿಯಾಗಿದ್ದಳು. ತಾನು ತಿಂಗಳುಗಟ್ಟಲೆ ಕೈ ಬಿರಿಯುವ ಹಾಗೆ ಮಾಡಿದ್ದನ್ನು ಅವಳು ಸಹಿಸಿಕೊಂಡಿದ್ದಳು ಅಷ್ಟೆ. ಪ್ರೀತಿ ಇರುವ ಕಡೆಯೇ ಇದು ಇಷ್ಟು ಕಷ್ಟವೇನೋ ಅಂತ ಅನ್ನಿಸಿತು, ಆದರೆ ಹಾಗೆ ಅಂದುಕೊಂಡಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ.

ಒಳಗೆ ಹೋದಾಗ ಅವಳು ಅವನ ಮುಖ ನೋಡಿ ತಿಳಿದುಕೊಂಡಳು. "ಬೇಜಾರಾಯ್ತೇನೋ?"

"ಇಲ್ಲಮ್ಮ."

"ನೀನ್ ಮಾಡ್ಲಿಲ್ಲ ಅಂತಲ್ಲ ಕಣಪ್ಪ. ಯಾರ್ ಮಾಡ್ತಾರೆ ಅಷ್ಟು? ಇವ್ರು ನಾಳೆ ನನ್ ಮುಖ ಮರೀತಾರೆ. ನೀನ್ ಮರೆಯಲ್ವಲ್ಲ. ನನ್ನ ನೆನೆಸ್ಕೊಂಡಾಗೆಲ್ಲ ನಿಂಗೆ ಆ ಮಂಚ ಕಾಣ್ಬಾರದು ಅಂತ." ಉಸಿರು ತೆಗೆದುಕೊಂಡು, "ಹೊಸ ಬೆಳೆ ಹುಳ ಹಣ್ಣಾದ್ವಾ?" ಅಂದಳು.

"ನಾಳೆ ನಾಡಿದ್ದಲ್ಲಿ ಹಣ್ಣಾಗ್ತವೆ."

"ಹಂಗಾದ್ರೆ ಇಲ್ಲಿ ಕೂತ್ಕೊಂಡು ಏನ್ ಮಾಡ್ತಿದೀಯಾ? ಹೋಗು. ಚಂದ್ರಿಕೆಗೆ ಬಿಡೋದು ತಡ ಆದ್ರೆ ಕೆಳಗೇ ಗೂಡು ಕಟ್ಕೊಂಡು ಕೂತ್ಬಿಡ್ತವೆ."

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳ ಕಾಯುವುದಿಲ್ಲ. ಮಾರನೆಯ ಬೆಳಗ್ಗೆ ಅವನು ಮೇಲೂರಿಗೆ ಹೋದ. ಮೈ ಪಾರದರ್ಶಕವಾಗಿ ಹೊಳೆಯುವ ಹುಳಗಳನ್ನು ಆಳುಗಳ ಜೊತೆ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಾಗ ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಊಟ ಮಾಡಿದ್ದರಂತೆ, ನೀರು ಕೇಳಿ ಕುಡಿದಿದ್ದರಂತೆ, ಮಲಗಿದಲ್ಲೇ ಹೃದಯ ನಿಂತುಹೋಯಿತಂತೆ.

ಸಂಜೆಯ ಹೊತ್ತಿಗೆ ದೇಹ ಮನೆಗೆ ಬಂತು. ಸೌಜನ್ಯ ಮಗುವನ್ನು ಗಂಡನ ಕೈಗೆ ಕೊಟ್ಟು ಓಡಿಬಂದಳು. ಕರೆದರೆ ಬಾರದಿದ್ದ ಹೆಂಗಸರೆಲ್ಲ ಈಗ ಕರೆಯದೆಯೇ ಬಂದರು. ಬಿಸಿನೀರು ಕಾಯಿಸಿದರು, ಅರಿಶಿನ ತೇಯ್ದರು. ಚಿಕ್ಕಪ್ಪನ ಸೊಸೆ, "ಗಂಡಸ್ರೆಲ್ಲ ಆಚೆ ಹೋಗ್ರಪ್ಪ, ಮೈ ತೊಳೀಬೇಕು," ಅಂದಳು. ರಮೇಶ್‌ಬಾಬು ಅಂಗಳದಲ್ಲಿ ಆವುಲಪ್ಪನ ಪಕ್ಕ ನಿಂತುಕೊಂಡ. ಒಳಗೆ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಒಂದೊಂದು ಸದ್ದಿಗೂ ಯಾವ ಕಡೆ ತೊಳೆಯುತ್ತಿದ್ದಾರೆ ಅಂತ ಅವನಿಗೆ ಗೊತ್ತಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಸೌಜನ್ಯ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಅಪ್ಪಾ, ಅಜ್ಜಿ ಬೆನ್ನಲ್ಲಿ ಒಂದ್ ಹುಣ್ಣೂ ಇಲ್ಲ. ಇಷ್ಟು ತಿಂಗಳು ಮಲಗಿದ್ದೋರ ಮೈಯಾ ಇದು ಅಂತ ಎಲ್ಲರೂ ನೋಡಿ ನೋಡಿ ಹೇಳ್ತಿದಾರೆ."

ಮಗಳು ಅದನ್ನು ಅವನ ಸಮಾಧಾನಕ್ಕೆ ಹೇಳಿದ್ದು. ಅವನಿಗೆ ಮಾತ್ರ 'ನೋಡಿ ನೋಡಿ' ಅನ್ನುವುದಷ್ಟೇ ಕೇಳಿಸಿತು.

"ಕಿಟಕಿ ಹಾಕಿದೀರಾ?" ಅಂದ.

"ಏನಪ್ಪಾ?"

"ಕಿಟಕಿ ಕಣಮ್ಮ. ಬೀದಿ ಕಡೇದು. ಹಾಕಿದೀರಾ?"

ಸೌಜನ್ಯ ಅಪ್ಪನ ಮುಖ ನೋಡಿದಳು. ಒಳಗೆ ಹೋದಳು. ಕಿಟಕಿಯ ರೆಕ್ಕೆಗಳು ಒಂದಾದ ಮೇಲೊಂದು ಮುಚ್ಚಿಕೊಂಡವು.

ಮಣ್ಣು ಮಾಡಿ ಬಂದ ಮೇಲೆ, ತಿಥಿ ಮುಗಿದ ಮೇಲೆ, ಸೌಜನ್ಯ ಗೌರಿಬಿದನೂರಿಗೆ ಬಂದು ಒಂದಷ್ಟು ದಿನ ಇರು ಅಂತ ಕರೆದಳು. "ನೋಡಣಮ್ಮ," ಅಂದ. ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬೇರೆಯವರ ಕೈಲಿ ಕಳಿಸಿದ. ಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಈಗ ದಿನಕ್ಕೊಂದೇ ಸ್ನಾನ, ಅಂಗೈಯ ಬಿರುಕುಗಳು ಮುಚ್ಚಿಕೊಳ್ಳುತ್ತಾ ಬಂದವು. ಮಧ್ಯಾಹ್ನ ಮಲಗಿದರೆ ಎಬ್ಬಿಸುವವರಿಲ್ಲ. ನೆನೆಸಿಕೊಂಡಾಗ ಆ ಮಂಚ ಕಾಣಬಾರದು ಅಂತ ಅಮ್ಮ ಹೇಳಿದ ಮಾತನ್ನು ಉಳಿಸಿಕೊಳ್ಳಬೇಕು ಅಂತ ಅವನು ದಿನಾ ಪ್ರಯತ್ನ ಮಾಡುತ್ತಿದ್ದ. ತೋಟದ ಬದುವಿನ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತು ಆಳುಗಳನ್ನು ಗದರುತ್ತಿದ್ದ ಅಮ್ಮನನ್ನು ಕಣ್ಣಮುಂದೆ ತಂದುಕೊಳ್ಳಲು ನೋಡುತ್ತಿದ್ದ. ಒಂದು ಗಳಿಗೆ ಅವಳು ಬರುತ್ತಿದ್ದಳು. ಆಮೇಲೆ ಹೊದಿಕೆಯನ್ನು ಬಿಗಿಯಾಗಿ ಹಿಡಿದ ಆ ಎರಡು ಮುಷ್ಟಿಗಳೇ ಬರುತ್ತಿದ್ದವು.